ಮೈಕ್ ಮಾವನ ಮಕ್ಕಳು

ನನ್ನ ಸೋದರಮಾವನಿಗೆ ಇರುವುದು ಒಂದೇ ದನಿ. ಬಸ್ ನಿಲ್ದಾಣದ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎನ್ನುವ ದನಿಯಲ್ಲೇ ಮನೆಯಲ್ಲಿ ಸೋಪು ಮುಗಿದಿದೆ ಎಂದೂ ಹೇಳುತ್ತಾನೆ. ಮೂರು ಮನೆಯಾಚೆಯವರು ಸೋಪು ತಂದುಕೊಟ್ಟದ್ದೂ ಉಂಟು. ಹೀಗಾಗಿ ಬೀದಿಗೆಲ್ಲ ಅವನು ಮೈಕ್ ಮಾವ.

ದನಿಯನ್ನಾದರೂ ಸಹಿಸಬಹುದು, ಅವನ ಇನ್ನೊಂದು ಅಭ್ಯಾಸ ನನಗೆ ಮೈಯುರಿ ತರಿಸುತ್ತದೆ. ಹೇಳಬೇಕಾದ್ದನ್ನು ಹೇಳಿದ ಕ್ಷಣವೇ ಮಾತು ಬಂದ್. ಎದುರಿನವರು ಉತ್ತರಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಗೇಟು ದಾಟಿರುತ್ತಾನೆ. ಅವನ ಹೆಂಡತಿ, ಅಂದರೆ ನಮ್ಮತ್ತೆ, ಒಮ್ಮೆ ನಿಟ್ಟುಸಿರು ಬಿಟ್ಟು ಹೇಳಿದ್ದಳು: "ರೇಡಿಯೋ ಕಟ್ಕೊಂಡಿದ್ರೂ ಇಷ್ಟೇ ಕಣೇ. ಅದಕ್ಕಾದ್ರೂ ಆರಿಸೋಕೆ ಒಂದು ಗುಂಡಿ ಇರ್ತಿತ್ತು."

ಇಂಥ ಮಾವ ಐವತ್ತೆರಡನೇ ವಯಸ್ಸಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಯುತ್ತೇನೆಂದು ನನ್ನೆದುರು ಬಂದು ಕೂತ. ನಾನು ಡಿಪ್ಲೊಮಾ ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ನಿಲ್ದಾಣದಲ್ಲಿ ಮೈಕ್ ತೆಗೆದು, ಬಸ್ಸು ನಿಲ್ಲುವ ಪ್ರತಿ ಅಂಕಣಕ್ಕೂ ದೀಪದ ಬೋರ್ಡು ಹಾಕುತ್ತಾರಂತೆ. ಬೋರ್ಡು ನಡೆಸುವ ಪ್ರೋಗ್ರಾಮನ್ನು ನಿಲ್ದಾಣದವರೇ ಯಾರಾದರೂ ಬರೆದರೆ ಅವರಿಗೇ ಆ ಕೆಲಸ. ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ, ಮಾವ ಹಿಂಭಾಗದ ಲಗೇಜು ಕೋಣೆಗೆ. ಆ ಕೋಣೆಗೆ ಕಿಟಕಿಯಿಲ್ಲ. ಇಷ್ಟು ಕಾಲ ಗಾಜಿನ ಕೋಣೆಯಲ್ಲಿ ಕೂತು ಜನ ಬರುವುದನ್ನೂ ಹೋಗುವುದನ್ನೂ ನೋಡಿದ ಮನುಷ್ಯ ಅಲ್ಲಿ ಬಾಡಿಹೋಗುತ್ತಾನೆಂದು ನನಗೆ ಗೊತ್ತಿತ್ತು. ಒಪ್ಪಿಕೊಂಡೆ.

ಹೇಳಿಕೊಟ್ಟಷ್ಟನ್ನು ಚೆನ್ನಾಗಿಯೇ ಹಿಡಿದ. ತಕರಾರು ಶುರುವಾದದ್ದು ಫೋರ್ಕ್ ಬಂದಾಗ. ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎನ್ನುತ್ತೇವೆ. ಅದು ಫೋರ್ಕ್ ಎಂದು ಕರೆದರೆ ತನ್ನಂಥದೇ ಇನ್ನೊಂದು ಪ್ರೋಸೆಸ್ ಹುಟ್ಟುತ್ತದೆ. ಮೊದಲಿನದು ತಾಯಿ, ಹೊಸದು ಮಗು. ಒಂದೊಂದಕ್ಕೂ ಅದರದೇ ನಂಬರು.

"ಒಂದು ಸಲ ಕರೆದ್ರೆ ಎರಡು ಸಲ ಉತ್ತರ ಬರತ್ತೆ ಅಂತೀಯಲ್ಲ, ಇದ್ಯಾವ ನ್ಯಾಯ?" ಅಂದ ಮಾವ.

"ಉತ್ತರ ಇಬ್ಬರಿಗೂ ಒಂದೊಂದು ಮಾವ. ಆ ಸಾಲು ದಾಟಿದ ಮೇಲೆ ಇಬ್ಬರಿದ್ದಾರೆ. ಇಬ್ಬರ ತಲೇಲಿರೋದೂ ಒಂದೇ, ಇಬ್ಬರೂ ಓದ್ತಾ ಇರೋದು ಅದೇ ಸಾಲಿನ ಮುಂದಿಂದ. ತಾನು ಯಾರು ಅಂತ ಗೊತ್ತಾಗೋದು ಕೈಗೆ ಸಿಕ್ಕಿದ ಉತ್ತರ ನೋಡಿ. ಮಗುವಿನ ನಂಬರು ಸಿಕ್ಕಿದ್ರೆ ತಾಯಿ. ಸೊನ್ನೆ ಸಿಕ್ಕಿದ್ರೆ ಮಗು."

"ಸರಿ ಬಿಡು, ಕೈಯಲ್ಲಿ ಸೊನ್ನೆ ಇಟ್ಕೊಂಡು ಬರೋರು ಯಾವತ್ತಿದ್ರೂ ಮಕ್ಕಳೇ."

ಮುಂದಿನದು ಎಕ್ಸೆಕ್. ಹುಟ್ಟಿದ ಮಗು ತಾಯಿಯಿಂದ ಬಂದ ಪ್ರೋಗ್ರಾಮನ್ನು ಪೂರ್ತಿ ಕಳಚಿಟ್ಟು, ಬೇರೆ ಪ್ರೋಗ್ರಾಮನ್ನು ತಲೆಗೇರಿಸಿಕೊಳ್ಳುತ್ತದೆ. ನಂಬರು ಮಾತ್ರ ಹಳೆಯದೇ. ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ, "ಮದುವೆ ಆದ್ಮೇಲೆ ನನಗೂ ಹೀಗೇ ಆಯ್ತು," ಅಂದಳು. ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಯೋಜನೆ ಸರಳವಾಗಿತ್ತು. ಬಸ್ಸು ಬಂತೆಂದು ಅವನು ಟೈಪ್ ಮಾಡಿದಾಗಲೆಲ್ಲ ಮುಖ್ಯ ಪ್ರೋಗ್ರಾಮು ಒಂದು ಮಗುವನ್ನು ಹುಟ್ಟಿಸುತ್ತದೆ. ಮಗು ಬೋರ್ಡಿನ ಮೇಲೆ ಬರೆದು ಮುಗಿಸುತ್ತದೆ. ತಾಯಿ ಮುಂದಿನ ಬಸ್ಸಿನ ಕಡೆ ನೋಡುತ್ತದೆ. ಅಚ್ಚುಕಟ್ಟು. ನಾನು ಒಂದೇ ಒಂದು ಸಾಲು ಸೇರಿಸಿ ಬರೆಸಿದೆ: ವೇಟ್. ಮಗು ಮುಗಿಸಿ ಬರುವವರೆಗೆ ತಾಯಿ ಕಾಯಬೇಕು.

"ಯಾಕೆ ಕಾಯಬೇಕು?"

"ಕೆಲಸ ಏನಾಯ್ತು ಅಂತ ಮಗು ಕೊನೇಲಿ ಒಂದು ಮಾತು ಬಿಟ್ಟುಹೋಗತ್ತೆ. ಅದನ್ನ ತಾಯಿ ಕೇಳಿಸ್ಕೋಬೇಕು."

"ನೋಡು ಮಗಳೇ, ನಾನು ಜೀವಮಾನ ಪೂರ್ತಿ ಘೋಷಣೆ ಮಾಡಿದೋನು. ನಮ್ಮ ಕೆಲಸ ಹೇಳೋದು. ಕೇಳಿಸ್ತಾ, ಹತ್ತಿದ್ರಾ ಅಂತ ಒಬ್ಬೊಬ್ಬರ ಹಿಂದೆ ಓಡಕ್ಕಾಗತ್ತಾ?" ಎಂದವನು ಎಂದಿನಂತೆ ಎದ್ದುಹೋದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಬರೆಸಿದ್ದ ಆ ಸಾಲನ್ನು ನಾನಿಲ್ಲದಾಗ ಅಳಿಸಿಹಾಕಿದನೆಂದು ನನಗೆ ತಿಳಿದದ್ದು ಆಮೇಲೆ.

ಬೋರ್ಡುಗಳನ್ನು ಪರೀಕ್ಷಿಸಿ ನೋಡುವ ದಿನ ಬೆಳಿಗ್ಗೆಯೆಲ್ಲ ಅವು ಹೇಳಿದ ಮಾತು ಕೇಳಿದವು. ನಿಲ್ದಾಣದ ಮ್ಯಾನೇಜರು ಎರಡು ಸಲ ತಲೆಯಾಡಿಸಿದರಂತೆ, ಮಾವ ಎದೆಯುಬ್ಬಿಸಿಕೊಂಡು ಓಡಾಡಿದನಂತೆ. ಮಧ್ಯಾಹ್ನದ ಮೇಲೆ ಎಲ್ಲ ಬೋರ್ಡುಗಳೂ ಕಲ್ಲಾದವು. ಹೊರಟುಹೋದ ಬಸ್ಸಿನ ಹೆಸರು ಹಾಗೇ ಉರಿಯುತ್ತಿತ್ತು, ಅದನ್ನು ನಂಬಿ ಒಂದು ಕುಟುಂಬ ಗಂಟುಮೂಟೆ ಹೊತ್ತು ಖಾಲಿ ಅಂಕಣದಲ್ಲಿ ನಿಂತಿತ್ತು. "ನಾಳೆ ಒಂದಿನ ನೋಡ್ತೀನಿ. ಆಮೇಲೆ ಲಗೇಜು ಕೋಣೆನೇ," ಎಂದು ಮ್ಯಾನೇಜರು ಎದ್ದುಹೋದರು.

ಮಾವ ನನಗೆ ಫೋನ್ ಮಾಡಿದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಯಾರೆಂದು ಕೇಳಬೇಕಾಯಿತು.

ತರಗತಿ ಮುಗಿಸಿ ಸೀದಾ ನಿಲ್ದಾಣಕ್ಕೆ ಹೋದೆ. ಗಾಜಿನ ಕೋಣೆಯಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ ಅವನನ್ನು ಕೂರಿಸಿ, ಕಂಪ್ಯೂಟರಿನಲ್ಲಿ ಯಾವ್ಯಾವ ಪ್ರೋಸೆಸ್ ಇವೆಯೆಂದು ಪರದೆಗೆ ತರಿಸಿದೆ. ಸಾಲು ಸಾಲಾಗಿ ಬಂದವು, ನಿಲ್ಲಲೇ ಇಲ್ಲ.

"ಇವೆಲ್ಲ ಯಾರು?"

"ನಿನ್ನ ಮಕ್ಕಳೇ ಮಾವ. ಬೆಳಿಗ್ಗೆಯಿಂದ ಹುಟ್ಟಿದವು."

"ಅವುಗಳ ಕೆಲಸ ಆಗಲೇ ಮುಗಿದಿದೆಯಲ್ಲ!"

"ಮುಗಿದಿದೆ. ಮುಗೀತು ಅಂತ ನಿನಗೆ ಹೇಳೋಕೆ ನಿಂತಿವೆ. ನೀನು ಕೇಳಿಸ್ಕೊಳ್ಳೋ ತನಕ ಅವುಗಳ ಹೆಸರು ಪಟ್ಟಿಯಿಂದ ಹೋಗಲ್ಲ. ಜೀವ ಇಲ್ಲ, ಆದ್ರೂ ಜಾಗ ಬಿಟ್ಟಿಲ್ಲ. ಜೋಂಬಿ ಅಂತೀವಿ. ಪಟ್ಟಿ ತುಂಬಿಹೋಗಿ ಹೊಸ ಮಗು ಹುಟ್ಟೋಕೇ ಜಾಗ ಇಲ್ಲ."

ಇಷ್ಟಕ್ಕೇ ಬಿಡಬೇಕೆಂದಿದ್ದೆ, ಕೋಪ ಬಿಡಲಿಲ್ಲ. "ಆ ಒಂದು ಸಾಲು ಅಳಿಸಿದ್ಯಲ್ಲ, ಅದಕ್ಕೇ," ಅಂದೆ.

ಮಾವ ಎದ್ದುಹೋಗಲಿಲ್ಲ. ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಪಾಪ, ಇಷ್ಟು ಹೊತ್ತು ನಿಂತೇ ಇದ್ವಾ?" ಎಂದ. ಯಂತ್ರದೊಳಗಿನ ನಂಬರುಗಳಿಗೆ ಪಾಪ ಎಂದವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ನಗು ಬಂತು. ಅವನು ಕೀಲಿಮಣೆ ಎಳೆದುಕೊಂಡು ಒಂದೇ ಬೆರಳಿನಲ್ಲಿ ಆ ಸಾಲನ್ನು ತಾನೇ ಬರೆದ. ಬರೆದು, "ಸರಿಯಾಗಿದೆಯಾ?" ಎಂದು ಕೇಳಿ, ನಾನು ಹೂಂ ಎನ್ನುವವರೆಗೂ ನನ್ನ ಮುಖವನ್ನೇ ನೋಡುತ್ತ ಕೂತಿದ್ದ.

ಮರುದಿನ ಕೊನೆಯ ಬಸ್ಸಿನವರೆಗೂ ಬೋರ್ಡುಗಳು ತಪ್ಪಲಿಲ್ಲ. ಮಾವನ ಜಾಗ ಉಳಿಯಿತು. ಮೊದಲೇ ಹೇಳಿದ್ದಂತೆ ಮೈಕನ್ನೂ ಬಿಚ್ಚಿಕೊಂಡು ಹೋದರು.

ಒಂದು ಸಂಜೆ ನೋಡಿಕೊಂಡು ಬರೋಣವೆಂದು ಹೋದೆ. ನಿಲ್ದಾಣ ಬಿಕೋ ಎನ್ನುತ್ತಿತ್ತು. ಜನ ತಲೆಯೆತ್ತಿ ಬೋರ್ಡು ಓದುತ್ತಿದ್ದರು, ಗಾಜಿನ ಹಿಂದೆ ಮಾವ ಬಾಯಿ ಮುಚ್ಚಿಕೊಂಡು ಟೈಪ್ ಮಾಡುತ್ತಿದ್ದ. ಅವನು ಸುಮ್ಮನಿರಲಿ ಎಂದು ಎಷ್ಟು ಸಲ ಹಾರೈಸಿದ್ದೆನೋ. ಆ ಮೌನ ನೋಡಿ ಸಂಕಟವಾಯಿತು.

ಅಷ್ಟರಲ್ಲಿ ಕನ್ನಡಕ ತೊಟ್ಟ ಹೆಂಗಸೊಬ್ಬಳು ಗಾಜು ತಟ್ಟಿದಳು. ಬೋರ್ಡಿನ ಅಕ್ಷರಗಳೆಲ್ಲ ಕಲಸಿದಂತೆ ಕಾಣುತ್ತವೆ, ತನ್ನ ಬಸ್ಸು ಎಲ್ಲಿ ಎಂದಳು. ಮಾವ ಬಾಗಿಲು ತೆರೆದು ಹೊರಗೇ ಬಂದ. ಅಂಕಣ, ಹೊರಡುವ ಹೊತ್ತು, ನಿಲ್ಲುವ ಊರುಗಳು, ಎಲ್ಲವನ್ನೂ ಹೇಳಿದ. ಮೈಕ್ ಇಲ್ಲದಿದ್ದರೂ ಇಡೀ ನಿಲ್ದಾಣ ತಿರುಗಿ ನೋಡಿತು.

"ಗೊತ್ತಾಯ್ತಾ ತಾಯಿ?" ಎಂದು ಕೇಳಿ, ನಿಂತ.

ಅವಳು ಕನ್ನಡಕ ಸರಿಪಡಿಸಿಕೊಂಡು ಅವನ ಮುಖ ನೋಡಿದಳು. ಮಾವ ಕಾದ.

"ಗೊತ್ತಾಯ್ತಪ್ಪ," ಅಂದಳು. "ಆದ್ರೂ ಇನ್ನೊಂದು ಸಲ ಹೇಳು. ಎಷ್ಟು ದಿನ ಆಗಿತ್ತು ಈ ದನಿ ಕೇಳಿ."