ಓಪಲ್ ಪಕ್ಕದ ಲೋಟ

ಕಲ್ಲುಗಳ ಮ್ಯೂಸಿಯಂನಲ್ಲಿ ಕಾವಲಿದ್ದ ಆ ಮನುಷ್ಯನನ್ನು ಎಲ್ಲರೂ ಲೋಟದ ಮಾವ ಎನ್ನುತ್ತಿದ್ದರು. ಕೊನೆಯ ಕೋಣೆ ಅವನ ಪಾಲಿನದು. ನೋಡಲು ಖನಿಜದಂತಿದ್ದರೂ ಒಳಗೆ ಹರಳುಗಟ್ಟದ ವಸ್ತುಗಳೆಲ್ಲ ಅಲ್ಲಿದ್ದವು: ಜ್ವಾಲಾಮುಖಿ ಉಗುಳಿದ ಕರಿ ಗಾಜು, ಗಟ್ಟಿಯಾದ ಮರದ ಅಂಟು, ಮಾವನ ಪ್ರಾಣವೇ ಆಗಿದ್ದ, ಬಣ್ಣಬಣ್ಣವಾಗಿ ಮಿನುಗುವ ಒಂದು ಓಪಲ್ ಕಲ್ಲು. ಅದರ ಹೊಟ್ಟೆಯಲ್ಲಿ ನೀರಿನ ಪಸೆಯಿರುತ್ತದೆ. ಗಾಳಿ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೇ ಗಾಜಿನ ಪೆಟ್ಟಿಗೆಯೊಳಗೆ ಒಂದು ಲೋಟ ನೀರಿಟ್ಟು, ದಿನಾ ಬೆಳಿಗ್ಗೆ ಕಂಠಮಟ್ಟ ತುಂಬುತ್ತಿದ್ದ.

ಮಾವನ ನಿವೃತ್ತಿಗೆ ಎರಡು ವರ್ಷವಿರುವಾಗ ವಸ್ತುಗಳ ಪಟ್ಟಿ ಮಾಡಿ ನೋಡಿಕೊಳ್ಳಲು ಒಬ್ಬ ಅಧಿಕಾರಿ ವರ್ಗವಾಗಿ ಬಂದ. ಆ ಪುಣ್ಯಾತ್ಮ ಲೋಟವನ್ನೂ ಬಿಡದೆ ಬರೆದುಕೊಂಡ.

"ಅದು ಬರೀ ನೀರು ಸಾರ್," ಎಂದ ಮಾವ.

"ನೀರು ಹರಳುಗಟ್ಟಿದೆಯೇನ್ರೀ?"

"ಇಲ್ಲ."

"ಮತ್ತೆ? ಈ ಕೋಣೆದೇ ಅಲ್ವಾ?"

ನೀರು ಹೀಗೆ ಏಳನೇ ವಸ್ತುವಾಯಿತು. ಪಟ್ಟಿಗೆ ಸೇರಿದ ವಸ್ತುವಿಗೆ ಹೊರಗಿನದೇನನ್ನೂ ಬೆರೆಸುವಂತಿಲ್ಲ ಎಂಬುದು ನಿಯಮ. ವಾರದಲ್ಲಿ ಲೋಟ ಅರ್ಧಕ್ಕಿಳಿಯಿತು. ಇನ್ನೊಂದು ವಾರ ಹೀಗೇ ಹೋದರೆ ಓಪಲ್ ಬಿರಿಯುತ್ತದೆಂದು ಮಾವನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಸಾಲದ್ದಕ್ಕೆ ಅಧಿಕಾರಿಯ ನೋಟೀಸು ಬೇರೆ: ಏಳನೇ ವಸ್ತು ಅರ್ಧ ಕಾಣೆಯಾಗಿದೆ, ಸಮಜಾಯಿಷಿ ಕೊಡಿ.

"ಆವಿಯಾಯ್ತು ಸಾರ್."

"ಇಲ್ಲಿಂದ ಏನೇ ಹೊರಗೆ ಹೋದ್ರೂ ಗೇಟ್ ಪಾಸ್ ಬೇಕು. ಆವಿ ತಗೊಂಡಿತ್ತಾ?"

ಮಾವ ತಲೆ ಕೆರೆದುಕೊಂಡ. "ಕದ್ದಿದ್ದನ್ನ ವಾಪಸ್ ಕೊಟ್ರೆ ತಗೋತೀರಾ?"

"ತಗೊಳ್ಳಲೇಬೇಕು. ತಪ್ಪೊಪ್ಪಿಗೆ ಬರೆದುಕೊಡಬೇಕು ಅಷ್ಟೆ."

ಮಾವ ಅಲ್ಲೇ ಕೂತು, ನೀರು ಕುಡಿದವನು ನಾನೇ ಎಂದು ಬರೆದು ಸಹಿ ಹಾಕಿದ. ನಲ್ಲಿಯಿಂದ ನೀರು ಹಿಡಿದು ತಂದು ಲೋಟ ತುಂಬಿದ. ಅಂದಿನಿಂದ ಪ್ರತಿ ಸೋಮವಾರವೂ ಕಳ್ಳತನ ಒಪ್ಪಿಕೊಂಡ. ನಿವೃತ್ತಿಯ ದಿನ ಕೈಗೆ ಬಂದ ಪ್ರಮಾಣಪತ್ರದಲ್ಲಿ ಹೀಗಿತ್ತು: 'ನಡತೆ: ಕಳ್ಳ. ಆದರೆ ಕದ್ದದ್ದನ್ನು ತಪ್ಪದೆ ಹಿಂದಿರುಗಿಸುವವರು.'

ಹೆಂಡತಿ ಅದನ್ನೋದಿ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ದುಡಿದದ್ದಕ್ಕೆ ಇದೇ ಏನ್ರೀ?"

"ಹೋಗ್ಲಿ ಬಿಡೇ. ಓಪಲ್ ಮೇಲೆ ಒಂದು ಗೆರೆ ಬಿದ್ದಿಲ್ಲ."

ಆದರೆ ಹೊಸ ಕಾವಲುಗಾರ ಮರ್ಯಾದಸ್ಥ. ಕಳ್ಳನೆಂದು ಸಹಿ ಹಾಕಲು ಏನು ಮಾಡಿದರೂ ಅವನು ಒಪ್ಪಲಿಲ್ಲ. ಈಗ ಮಾವ ಪ್ರತಿ ಸೋಮವಾರ ಟಿಕೆಟ್ ಕೊಂಡು ಒಳಗೆ ಹೋಗುತ್ತಾನೆ. ಅಧಿಕಾರಿ ಕಾಗದ ಮುಂದಕ್ಕೆ ತಳ್ಳುತ್ತಾನೆ.

"ಈ ವಾರ ಎಷ್ಟು ಕುಡಿದ್ರಿ?"

"ಅರ್ಧ ಲೋಟ ಸಾರ್," ಎನ್ನುತ್ತಾ ಮಾವ ಪೆನ್ನಿಗೆ ಕೈ ಚಾಚುತ್ತಾನೆ.