ಗಿರಿಜಳ ಗಿಡದ ಮೊದಲ ಕಿತ್ತಳೆ

ಸ್ವಾಮಿಗೆ ಒಪ್ಪಿಸಲೆಂದು ಗಿರಿಜ ಕೊಟ್ಟ ಕಿತ್ತಳೆಹಣ್ಣನ್ನು ನಾನು ಒಪ್ಪಿಸಲಿಲ್ಲ. ತಿಂದೆ. ಮನೆಯವರಿಗೂ ಹೇಳದೆ ಉಳಿಸಿಕೊಂಡಿದ್ದ ಈ ಮಾತನ್ನು ಇನ್ನು ಮುಚ್ಚಿಡಲಾರೆ ಅನ್ನಿಸಿದ್ದು ಮೊನ್ನೆ, ಜಗಲಿಯಲ್ಲಿ ಹುರುಳಿ ಕೇರುತ್ತಾ ಕೂತಿದ್ದಾಗ.

ಮಾರನಹಳ್ಳಿ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ಮೈದುನ ಬಂದು ಕಿತ್ತಳೆಬುಟ್ಟಿ ಇಳಿಸಿದ. ಗಿರಿಜ ವರ್ಷವರ್ಷವೂ ಕಳಿಸುವ ಬುಟ್ಟಿ.

"ಅತ್ತಿಗೆ, ಈ ಶಿವರಾತ್ರಿಗೆ ಗಿರಿಜಮ್ಮ ಮಗಳನ್ನ ಕರ್ಕಂಡು ಧರ್ಮಸ್ಥಳಕ್ಕೆ ನಡೀತಾರಂತೆ. ನೀವೂ ಬರ್ಬೇಕಂತೆ. ಅವತ್ತು ಹಣ್ಣು ಹೊತ್ತ ಕೈಯೇ ಈ ಸಲಾನೂ ಹೊರ್ಬೇಕು ಅಂತ ಹಟ ಹಿಡ್ದವ್ರೆ."

ಮೊರ ಕೈಯಲ್ಲೇ ನಿಂತಿತು.

ತೊಂಬತ್ತರ ದಶಕದ ಕೊನೆಯ ಮಾತು. ಮಗನ ಜ್ವರ ಬಿಟ್ಟರೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದೆ, ಬಿಟ್ಟಿತು. ನಾದಿನಿ ಜಯಳ ಜೊತೆ ನಮ್ಮೂರು ಪಾಳ್ಯದಿಂದ ಹೊರಟೆ. ಆ ದಾರಿಯನ್ನು ನೆನೆದರೆ ಈಗಲೂ ಕೈ ತಾನಾಗಿ ಮುಗಿಯುತ್ತದೆ. ಊರು ದಾಟುತ್ತಲೇ ಹೊಲದವರು ಹಸಿಕಡಲೆ ಗಿಡವನ್ನೇ ಕಿತ್ತು ಕೊಟ್ಟರು. ಸಕಲೇಶಪುರದ ಹತ್ತಿರ ಯಾರೋ ಅಜ್ಜಿ ಎಳೆ ಸೌತೆಕಾಯಿ ಸೀಳಿ ಉಪ್ಪುಖಾರ ಸವರಿದಳು. ಮುಂದೆ ಒಂದು ತೋಟದ ಗೇಟಿನಲ್ಲಿ ಪುಟ್ಟಬಾಳೆಯ ಗೊನೆಯನ್ನೇ ತೂಗುಹಾಕಿದ್ದರು — ನಡೆಯುವವರು ಕಿತ್ತುಕೊಳ್ಳಲಿ ಎಂದು. ಸ್ವಾಮಿ ನಮ್ಮನ್ನು ಹಸಿದಿರಲು ಬಿಡಲೇ ಇಲ್ಲ. ಹಸಿದು ತಿಂದೆ ಎನ್ನಲು ನನಗೆ ಬಾಯಿಲ್ಲ.

ಮಾರನಹಳ್ಳಿಯಲ್ಲಿ ನಾವು ನೀರು ಕೇಳಿದ ಮನೆಯ ಸೊಸೆ ಗಿರಿಜ. ಮಜ್ಜಿಗೆ ಕೊಟ್ಟಳು. ಆಮೇಲೆ ಅಂಗಳದಂಚಿನ ಎಳೆ ಗಿಡದಲ್ಲಿ ಬಟ್ಟೆ ಕಟ್ಟಿ ಮೀಸಲಿಟ್ಟಿದ್ದ ಒಂದು ಹಣ್ಣನ್ನು ಕಿತ್ತು ನನ್ನ ಸೆರಗಿಗೆ ಹಾಕಿದಳು.

"ಗಿಡದ ಮೊದ್ಲ ಹಣ್ಣು ಕಣಕ್ಕ. ಎರಡು ಕೂಸು ಹುಟ್ಟಿದ್ರೂ ಉಳೀಲಿಲ್ಲ. ಇನ್ನೊಂದಾದ್ರೂ ಉಳೀಲಿ ಅಂತ ಸ್ವಾಮಿ ಪಾದಕ್ಕೆ ಹಾಕ್ಬುಡಕ್ಕ."

ಘಾಟಿ ಇಳಿಯುವಾಗ ಸುಡು ಬಿಸಿಲು. ಸೆರಗಿನ ಗಂಟಿನಿಂದ ಆ ವಾಸನೆ ಒಂದೇ ಸಮ. ಸಿಪ್ಪೆಗೆ ಉಗುರು ತಾಗಿಸಿದೆ, ಬರೀ ಮೂಸುವುದಕ್ಕೆ ಎಂದು. ಆಮೇಲೆ ಒಂದು ತೊಳೆ... ಎಂಜಲಾದ ಮೇಲೆ ಒಪ್ಪಿಸುವುದಿನ್ನೇನು ಎಂದು ಉಳಿದದ್ದನ್ನೂ —

"ಏನತ್ತಿಗೆ, ಹಣ್ಣೂ ಭಾರ ಆಯ್ತಾ?" ಮುಂದೆ ಹೋಗಿದ್ದ ಜಯ ಕೂಗಿದಳು. "ಹಿಂಗೆ ನಡುದ್ರೆ ಸ್ವಾಮಿ ಬಾಗ್ಲು ಹಾಕ್ಕಂಡು ಮನೀಕ್ಕಂತಾನೆ!"

ಸಿಪ್ಪೆಯನ್ನು ಪೊದೆಗೆಸೆದು ನಾನೂ ನಕ್ಕೆ.

ಹಿಂತಿರುಗುವಾಗ ಬಸ್ಸಿಳಿದು ಗಿರಿಜಳಿಗೆ ಕುಂಕುಮ ಕೊಟ್ಟೆ. "ಒಪ್ಪಿಸಿದ್ರಾ ಅಕ್ಕ?" ಎಂದಳು. ಆಗಲಾದರೂ ಹೇಳಬಹುದಿತ್ತು.

"ಒಪ್ಪಿಸ್ದೆ ಕಣವ್ವ," ಎಂದೆ.

ಅವಳು ಆ ಕುಂಕುಮವನ್ನು ಕಣ್ಣಿಗೊತ್ತಿಕೊಂಡಳು.

ಮಾರನೆಯ ವರ್ಷ ಹೆಣ್ಣುಮಗು ಹುಟ್ಟಿತು. ಉಳಿಯಿತು. ಅಂದಿನಿಂದ ಈ ಬುಟ್ಟಿ. ನನ್ನ ಬಾಯಿಚಪಲವನ್ನು ಸ್ವಾಮಿ ಅವಳ ಕೂಸಿನ ಲೆಕ್ಕಕ್ಕೆ ಬರೆಯಲಿಲ್ಲವಲ್ಲ — ಅದಕ್ಕೆ ದಿನವೂ ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ. ಆದರೆ ಸ್ವಾಮಿ ಕ್ಷಮಿಸಿದ ಎಂದುಕೊಂಡು ಗಿರಿಜಳ ಕ್ಷಮೆ ಕೇಳದೆಯೇ ಉಳಿದೆ. ಅವಳ ಹಣ್ಣನ್ನು ಮಕ್ಕಳಿಗೆ ಸುಲಿದುಕೊಟ್ಟು, ನಾನೂ ತಿಂದು...

"ಏನ್ ಹೇಳ್ಲಿ ಅತ್ತಿಗೆ?" ಮೈದುನ ಕಾಯುತ್ತಿದ್ದ.

"ಬತ್ತೀನಿ ಅನ್ನು. ಆದ್ರೆ ಹೊರಡಾಕೆ ಮುಂಚೆ ಒಂದು ಮಾತು ಹೇಳಾದೈತೆ. ಅದನ್ನ ಕೇಳ್ಕಂಡು, ಹಣ್ಣು ಯಾರ ಕೈಗೆ ಕೊಡ್ಬೇಕು ಅಂತ ಅವಳೇ ನೋಡ್ಲಿ."

ಬಂದ ಬುಟ್ಟಿಯನ್ನು ಖಾಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಪ್ರತಿ ವರ್ಷ ಹುರುಳಿ ತುಂಬಿ ಬಸ್ಸಿಗೆ ಹಾಕಿಸುತ್ತಿದ್ದೆ. ಈ ಸಲ ನಾನೇ ಹೊತ್ತು ಹೋಗುತ್ತೇನೆ. ಮಗಳಿರದ ಹೊತ್ತು ನೋಡಿ ಅವಳೊಬ್ಬಳಿಗೇ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ.

ಮೈದುನ ಹೋದ. ಕೇರುವುದು ಮುಗಿದಿತ್ತು. ಮೊರವನ್ನು ಬೆಳಕಿನ ಕಡೆಗೆ ಎಳೆದುಕೊಂಡು, ಹುರುಳಿಯಲ್ಲಿ ಕಲ್ಲು ಆರಿಸಲು ಕೂತೆ.