ಊರು ನೋಡಿ ಬಂದ ದೊಡ್ಡವ್ವ

ದೊಡ್ಡವ್ವನ ಪಾದಗಳು ಅವಳ ಮೈಗೆ ಹೊಂದುತ್ತಲೇ ಇರಲಿಲ್ಲ. ಮೈ ಕಡ್ಡಿಯಂಥದ್ದು, ಪಾದಗಳು ಮಾತ್ರ ಅಗಲವಾಗಿ, ಬೆರಳಿಗೂ ಬೆರಳಿಗೂ ಸಂಬಂಧವೇ ಇಲ್ಲದಂತೆ ಹರಡಿಕೊಂಡಿದ್ದವು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ವರ್ಷಗಟ್ಟಲೆ ತುಳಿದದ್ದರ ಫಲ. ಹೆಂಗಸರ ಚಪ್ಪಲಿ ಹಿಡಿಸದೆ ಅವಳು ಗಂಡಸರ ಚಪ್ಪಲಿ ಮೆಟ್ಟುತ್ತಿದ್ದಳು. ಆ ಚಟಪಟ ಸದ್ದು ಓಣಿಯ ತುದಿಯಲ್ಲಿ ಕೇಳಿಸಿದರೆ ಸಾಕು, ನಮ್ಮವ್ವ ಚಹಾಕ್ಕೆ ನೀರಿಡುತ್ತಿದ್ದಳು.

ಅವಳು ನಮಗೆ ರಕ್ತಸಂಬಂಧಿಯಲ್ಲ, ಗಜೇಂದ್ರಗಡದಲ್ಲಿ ನಮ್ಮ ಎದುರುಮನೆಯವಳು. ಅವ್ವ ಅವಳನ್ನು ಅಕ್ಕಾ ಅನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡವ್ವ. ಗಂಡ ತೀರಿಕೊಂಡು, ಮಗ್ಗವನ್ನೂ ಮಾರಿದ ಮೇಲೆ ಇನ್ನೇನು, ಮೂಲೆ ಹಿಡಿದು ಕೂಡುತ್ತಾಳೆ ಎಂದು ಓಣಿಯವರು ಎಣಿಸಿದ್ದರು. ಅಷ್ಟರಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ದೊಡ್ಡವ್ವ ನನ್ನ ಹಳೆಯ ಸಾಲಿ ಚೀಲ ಕೇಳಿ ಇಸಿದುಕೊಂಡಳು. ಅದರಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ, ಆಧಾರ ಕಾರ್ಡು. ಎರಡೂ ಪಟ್ಟಿ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೋಗಿ, ಹಿಂದೆಂದೂ ನೋಡದ ಊರಿನ ಬಸ್ಸು ಹತ್ತುವಳು. ರೋಣ, ನರಗುಂದ, ಹೊಳೆಆಲೂರು ಹೀಗೇ ಮುಗಿದವು. ಈ ವಯಸ್ಸಿನಲ್ಲಿ ಇದೇನು ತಿರುಗಾಟ ಎಂದವರಿಗೆ ಉತ್ತರ ಸಿದ್ಧವಿತ್ತು.

"ದೇಶ ಸುತ್ತಬೇಕು, ಇಲ್ಲಾ ಕೋಶ ಓದಬೇಕು ಅಂತಾರ. ನನಗ ಓದಾಕ ಬರೂದಿಲ್ಲ. ಅದರ ಪಾಲಿಂದೂ ಸುತ್ತಿಬಿಡ್ತೇನಿ."

ನೀರನ್ನು ಮಾತ್ರ ಅವಳು ಎಂದೂ ಒಯ್ಯಲಿಲ್ಲ. ಯಾವುದಾದರೂ ಮನೆಯ ಮುಂದೆ ನಿಂತು "ಯವ್ವಾ, ಒಂದ ತಂಬಿಗಿ ನೀರ ಕೊಡ" ಎಂದು ಕೇಳದಿದ್ದರೆ ಊರು ನೋಡಿದಂತೆ ಆಗುವುದಿಲ್ಲ ಎನ್ನುವುದು ಅವಳ ನಂಬಿಕೆ. ನರಗುಂದದ ಗುಡ್ಡ ಹೇಗಿತ್ತು ಎಂದು ನಾವು ಕೇಳಿದರೆ, ಗುಡ್ಡದ ಕೆಳಗಿನ ಯಾವುದೋ ಮನೆಯ ಅತ್ತೆ-ಸೊಸೆ ಜಗಳವನ್ನು ವಾರಗಟ್ಟಲೆ ಹೇಳಿದಳು. ಅವ್ವ ಆ ಕಾಣದ ಸೊಸೆಯ ಪಕ್ಷ ವಹಿಸಿ, ಇವಳ ಜೊತೆ ಮಾತು ಬಿಡುವ ತನಕ ಹೋಗಿದ್ದಳು.

ನನಗೆ ವಿಜಯಪುರದಲ್ಲಿ ನರ್ಸಿಂಗ್ ಸೀಟು ಸಿಕ್ಕಾಗ ಅಪ್ಪ ಬೇಡ ಅಂದ. ಕಾರಣ ಒಂದೇ: "ಅಲ್ಲಿ ನಮ್ಮವರು ಯಾರದಾರ?" ಸೋಮವಾರದೊಳಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು. ನಾನು ಊಟ ಬಿಟ್ಟು ಅತ್ತರೂ ಅಪ್ಪ ಜಗ್ಗಲಿಲ್ಲ. ಕಡೆಗೆ ದೊಡ್ಡವ್ವ ಬಂದು ನಮ್ಮ ಪಡಸಾಲೆಯಲ್ಲಿ ಕೂತಳು.

"ಹಿರೀ ಮಗಳನ್ನ ಕೊಡೂ ಮುಂದ ಟೆಂಪೋ ತುಂಬ ಮಂದಿ ಕರಕೊಂಡು ವರನ ಮನಿ ನೋಡಾಕ ಹೋಗಿದ್ದೆಲ್ಲೋ ತಮ್ಮಾ? ಈಕಿನ್ನ ಒಂದ ಊರಿಗೆ ಕೊಡಾಕತ್ತೀವಿ. ಊರ ನೋಡದನ ಬ್ಯಾಡ ಅಂದ್ರ ಹ್ಯಾಂಗ?"

"ಅಂಗಡಿ ಬಿಟ್ಟ ನಾ ಎಲ್ಲಿ ಹೋಗ್ಲಿ ಯಕ್ಕಾ?"

"ನಾ ಹೋಗ್ತೇನಿ. ನೋಡಿದ್ದ ನೋಡಿದ್ಹಾಂಗ ಹೇಳ್ತೇನಿ. ಆಮ್ಯಾಗ ನೀ ಬ್ಯಾಡ ಅಂದ್ರ ಬ್ಯಾಡ."

ಮರುದಿನ ನಸುಕಿನಲ್ಲೇ ನನ್ನನ್ನೂ ಕರೆದುಕೊಂಡು ಹೊರಟಳು. ವಿಜಯಪುರದಲ್ಲಿ ಇಳಿದ ಕೂಡಲೇ ಆಟೋದವರು ಮುತ್ತಿದರು. "ಗೋಳಗುಮ್ಮಟ ಬರ್ರಿ ಅಮ್ಮಾರ!"

"ಸತ್ತವರ ಮನಿ ಆಮ್ಯಾಗ ನೋಡೂಣು. ಮೊದಲ ಇದ್ದವರ ಮನಿ ನೋಡಾಕ ಬಂದೇವಿ," ಎಂದು ದೊಡ್ಡವ್ವ ನಡೆದೇಬಿಟ್ಟಳು. ನನಗೋ ಗುಮ್ಮಟ ಹತ್ತುವ ಆಸೆ. ಆದರೆ ನನ್ನ ಜುಟ್ಟು ಅವಳ ಕೈಯಲ್ಲಿತ್ತು; ಬಾಯಿ ಮುಚ್ಚಿಕೊಂಡು ಹಿಂದೆ ನಡೆದೆ.

ಹಾಸ್ಟೆಲಿನ ಮುಂಬಾಗಿಲಿಗೆ ಅವಳು ಹೋಗಲೇ ಇಲ್ಲ. "ಮುಂದಿನ ಅಂಗಳಾ ಎಲ್ಲಾರೂ ಸಾರಸ್ತಾರ," ಎಂದು ಹಿತ್ತಲಿಗೆ ಸುತ್ತಿದಳು. ಅಲ್ಲಿ ಹುಡುಗಿಯರು ತಾಟು ತೊಳೆಯುತ್ತಿದ್ದರು. ತಾಟಿನಲ್ಲಿ ಏನೇನು ಬಿಟ್ಟಿದ್ದಾರೆಂದು ಬಗ್ಗಿ ನೋಡಿದಳು. "ಅನ್ನಾ ಉಂಡಾರ, ಪಲ್ಯಾ ಬಿಟ್ಟಾರ. ಅಡಿಗಿ ಸುಮಾರ ಐತಿ, ಆದ್ರ ಹಸದ ಇರಾಂಗಿಲ್ಲ." ಹುಡುಗಿಯರು ಅವಳನ್ನು ಹೊಸ ಅಡುಗೆಯಾಕೆ ಎಂದೇ ತಿಳಿದು, "ಅಮ್ಮಾ, ನೀವರ ಚಪಾತಿ ಮೆತ್ತಗ ಮಾಡ್ರಿ," ಎಂದು ಬೇಡಿಕೊಂಡರು. ಇವಳು ಹೂಂ ಅಂದು ಬಂದಳು.

ದವಾಖಾನೆಯಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ಒಂದು ತಿರುವಿದೆ. ನೀರಿನ ಪರೀಕ್ಷೆ ಅಲ್ಲಿ ನಡೆಯಿತು. ಮೊದಲ ಮನೆಯವರು ಕಿಟಕಿ ಮುಚ್ಚಿದರು. ಎರಡನೆಯ ಮನೆಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು, ನೀರಿನ ಜೊತೆ ಬೆಲ್ಲವನ್ನೂ ಕೊಟ್ಟಳು. ದೊಡ್ಡವ್ವ ನೀರು ಕುಡಿದು ಕೇಳಿದಳು: "ಸಂಜಿಮುಂದ ಹುಡುಗ್ಯಾರು ಈ ದಾರೀಲೆ ಹ್ಯಾಂಗ ಬರ್ತಾರವ್ವಾ?"

"ಖರೇ ಹೇಳ್ಲೇನ್ರಿ ಅಮ್ಮಾ? ಇಲ್ಲಿ ಲೈಟ್ ಹತ್ತೂದಿಲ್ಲ. ಗುಂಪ ಕಟ್ಟಿಕೊಂಡ ಬರ್ತಾರ."

ಹೋಗೋಣ ಎಂದು ನಾನು ಅವಳ ಸೆರಗು ಎಳೆದೆ. ದೊಡ್ಡವ್ವ ಮಾತ್ರ, "ದೀಪ ಹಚ್ಚೂ ಹೊತ್ತಿಗೆ ಊರು ತನ್ನ ಖರೇ ಮಾರಿ ತೋರಸ್ತೈತಿ," ಎಂದು ಆ ಮನೆಯ ಕಟ್ಟೆಯ ಮೇಲೆ ಕೂತೇಬಿಟ್ಟಳು. ಹೊಲಿಗೆಯಾಕೆಯ ಬಟ್ಟೆಗಳಿಗೆ ಗುಂಡಿ ಹಚ್ಚಿಕೊಡುತ್ತ ಮಗ್ಗದ ಕಾಲದ ಮಾತಿಗಿಳಿದಳು. ಕತ್ತಲಾಯಿತು. ಲೈಟು ಹತ್ತಲಿಲ್ಲ. ಗುಮ್ಮಟವೂ ಹೋಯಿತು, ಸೀಟೂ ಹೋಯಿತು ಎಂದು ನಾನು ಒಳಗೊಳಗೇ ಅತ್ತೆ.

ಹುಡುಗಿಯರ ಗುಂಪು ನಗುತ್ತ ದಾಟಿಹೋಯಿತು. ಒಬ್ಬಳು ಮಾತ್ರ ಹಿಂದೆ ಉಳಿದಿದ್ದಳು. ಹೊಲಿಗೆಯಾಕೆ ಮಾತು ಅಲ್ಲಿಗೇ ನಿಲ್ಲಿಸಿ, ಎದ್ದು ಬಾಗಿಲಲ್ಲಿ ನಿಂತು, ಆ ಹುಡುಗಿ ಹಾಸ್ಟೆಲಿನ ಗೇಟು ಸೇರುವ ತನಕ ನೋಡಿ, ಮತ್ತೆ ಬಂದು ಯಂತ್ರದ ಮುಂದೆ ಕೂತಳು. ನಮಗೆ ತೋರಿಸಲೆಂದು ಮಾಡಿದ್ದಲ್ಲ, ದಿನದ ರೂಢಿ. ದೊಡ್ಡವ್ವ ಚೀಲ ಹೆಗಲಿಗೇರಿಸಿ, "ನಡಿ, ನೋಡೂದು ಆತು," ಅಂದಳು.

ಬಸ್ಸಿನಲ್ಲಿ ಅವಳ ಕೈ ಹಿಡಿದು ಬೇಡಿಕೊಂಡೆ. "ಲೈಟಿನ ಸುದ್ದಿ ಅಪ್ಪಗ ಹೇಳಬ್ಯಾಡ ದೊಡ್ಡವ್ವಾ."

"ಹುಚ್ಚಿ, ನೋಡಾಕ ಹೋದಾಕಿ ಸುಳ್ಳ ಹೇಳಿದ್ರ ಅಲ್ಲಿ ಬಾಳೇ ಮಾಡೂದು ಯಾರು, ನಾನೇನು?"

ಬೆಳಿಗ್ಗೆ ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಪಲ್ಯ, ಮುಚ್ಚಿದ ಕಿಟಕಿ, ಹತ್ತದ ಲೈಟು, ಒಂದನ್ನೂ ಬಿಡಲಿಲ್ಲ. ಅಪ್ಪ ತಲೆ ಅಲ್ಲಾಡಿಸಿದ. "ಹಂಗಾರ ಬ್ಯಾಡ ಬಿಡ ಯಕ್ಕಾ. ಕತ್ತಲಿ ದಾರಿ. ನಮ್ಮವರಂತೂ ಯಾರೂ ಇಲ್ಲ."

"ಮೊನ್ನಿ ತನಕ ಇರಲಿಲ್ಲ ತಮ್ಮಾ. ಈಗ ಒಬ್ಬಾಕಿ ಅದಾಳ," ಎಂದು ಹೊಲಿಗೆಯಾಕೆ ಬಾಗಿಲಲ್ಲಿ ನಿಂತದ್ದನ್ನು ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. "ನನ್ನ ಈ ಊರಿಗೆ ಕೊಡೂ ಮುಂದ ಯಾರೂ ಬಂದ ನೋಡಲಿಲ್ಲ. ನೋಡಿದ್ರೂ ಕೊಡ್ತಿದ್ರು ಬಿಡು. ಆದ್ರ ನನ್ನ ಸಲುವಾಗಿ ಒಬ್ಬರರ ಒಂದ ದಿನಾ ಅಡ್ಡಾಡಿ ಬಂದಾರ ಅಂತ ಮನಸಿಗೆ ಇರ್ತಿತ್ತು."

ಅಪ್ಪ ಎದ್ದು ಅಂಗಡಿಗೆ ಹೋದ. ಮಧ್ಯಾಹ್ನ ನನಗೊಂದು ಹೊಸ ಟ್ರಂಕು ಹೊತ್ತುಕೊಂಡು ಬಂದ.

ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ. ಆ ದಾರಿಯಲ್ಲಿ ಎಷ್ಟೋ ಸಂಜೆ ಒಬ್ಬಳೇ ಬಂದಿದ್ದೇನೆ, ಹೆದರಿಲ್ಲ. ಇದು ದೊಡ್ಡವ್ವನ ಋಣ, ತೀರಿಸುವ ದಾರಿ ನನಗೆ ಗೊತ್ತಿಲ್ಲ. ಅವಳು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಅಳುತ್ತ ತಿರುವು ದಾಟುತ್ತಿದ್ದೆ. ಹೊಲಿಗೆಯಾಕೆ ತಡೆದು ಕೇಳಿದಳು. ಸುದ್ದಿ ತಿಳಿದದ್ದೇ ಬುರ್ಖಾ ತೊಟ್ಟು, ಬಾಗಿಲಿಗೆ ಕೀಲಿ ಹಾಕಿ ನನ್ನ ಜೊತೆ ಬಸ್ಸು ಹತ್ತಿದಳು. ಗಜೇಂದ್ರಗಡವನ್ನು ಅವಳು ನೋಡಿದ್ದಿಲ್ಲ. ದೊಡ್ಡವ್ವನನ್ನು ನೋಡಿದ್ದೂ ಆ ಒಂದೇ ದಿನ.

ಮನೆಯ ಮುಂದೆ ಕೂತಿದ್ದ ಮಂದಿ ಇವರಾರು ಎಂದು ಮುಖ ಮುಖ ನೋಡಿಕೊಂಡರು. ಅಪ್ಪ ಎದ್ದು ಬಂದು ಅವಳಿಗೆ ಕೈಮುಗಿದ. ಮಂದಿಯ ಕಡೆ ತಿರುಗಿ ಹೇಳಿದ: "ನಮ್ಮ ಹುಡುಗೀನ್ನ ಕೊಟ್ಟ ಊರಿನವರು."